ಗುಡಿಯ ಹಿಂದೆ ಒಂದು ರಾಜಧಾನಿ ಇತ್ತು



ಹಳೇಬೀಡನ್ನು ನೋಡದವರು ಈ ಸಭೆಯಲ್ಲಿ ಹೆಚ್ಚು ಮಂದಿ ಇರಲಾರರು. ಶಾಲೆಯ ಪ್ರವಾಸದಲ್ಲೋ, ನೆಂಟರ ಮದುವೆಗೆ ಹೋದಾಗಲೋ, ಧರ್ಮಸ್ಥಳಕ್ಕೆ ಹೊರಟ ದಾರಿಯಲ್ಲೋ ಒಮ್ಮೆಯಾದರೂ ಎಲ್ಲರೂ ಅಲ್ಲಿ ಇಳಿದಿರುತ್ತಾರೆ. ಆದರೆ ದೋರಸಮುದ್ರವನ್ನು ನೋಡಿದ್ದೀರಾ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಎರಡೂ ಒಂದೇ ಊರು. ಒಂದು ಇಂದಿನ ಹೆಸರು. ಇನ್ನೊಂದು, ಸುಮಾರು ಮುನ್ನೂರು ವರ್ಷ ಆ ಊರು ಹೊಯ್ಸಳ ರಾಜಧಾನಿಯಾಗಿದ್ದಾಗ ಇದ್ದ ಹೆಸರು.

ಯುರೋಪಿಗೆ ಹೋಗಿಬಂದವರು ರೋಮ್ ನಗರದ ಬಗ್ಗೆ ಹೇಳುವುದನ್ನು ಕೇಳಿರುತ್ತೀರಿ. ಹಳೆಯ ರೋಮಿನಲ್ಲಿ ಒಂದು ದಿನ ಕಳೆದವರು ದೇವಾಲಯದ ಕಂಬಗಳನ್ನು ನೋಡುತ್ತಾರೆ. ಅದರ ಜೊತೆಗೆ ಸಂತೆ ಸೇರುತ್ತಿದ್ದ ಬಯಲು, ನ್ಯಾಯ ತೀರ್ಮಾನದ ಕಟ್ಟಡ, ಸ್ನಾನಗೃಹ, ಕಲ್ಲು ಹಾಸಿದ ಬೀದಿ ಎಲ್ಲವನ್ನೂ ನೋಡುತ್ತಾರೆ. ಅಲ್ಲಿ ಜನ ಹೇಗೆ ಬದುಕಿದ್ದರು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಅಷ್ಟು ದೂರ ಬೇಡ, ಹಂಪಿಗೆ ಹೋದವರೂ ಬಜಾರಿನ ಸಾಲು, ಆನೆಲಾಯ, ಮಹಾನವಮಿ ದಿಬ್ಬ ನೋಡಿ ಬರುತ್ತಾರೆ. ಹಳೇಬೀಡಿನಲ್ಲಿ ಮಾತ್ರ ಗುಡಿಯನ್ನು ಸುತ್ತಿ, ಚಪ್ಪಲಿ ಮೆಟ್ಟಿ, ಎಳನೀರು ಕುಡಿದು ಬಸ್ಸು ಹತ್ತುವುದೇ ರೂಢಿ. ರಾಜಧಾನಿಗೆ ಹೋಗಿ ರಾಜಧಾನಿಯನ್ನೇ ನೋಡದೆ ಬಂದ ಹಾಗೆ ಇದು. ಅರಸೀಕೆರೆಯಲ್ಲಿ ಇಳಿದ ಪ್ರವಾಸಿಯೊಬ್ಬ ಒಂದೇ ದಿನದಲ್ಲಿ ಆ ಊರನ್ನು ಹುಡುಕಲು ಸಾಧ್ಯವೇ? ಸಾಧ್ಯ ಎನ್ನುವುದೇ ಇಂದಿನ ಮಾತಿನ ವಿಷಯ.

ಅರಸಿಯ ಕೆರೆ

ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿ ಅರಸೀಕೆರೆ ಜಂಕ್ಷನ್. ಹಾಸನದ ಮೂಲಕ ಮಂಗಳೂರಿನತ್ತ ಹೋಗುವ ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. ಬಹಳ ಜನಕ್ಕೆ ಅರಸೀಕೆರೆ ಎಂದರೆ ರೈಲು ಬದಲಾಯಿಸುವ ಊರು, ಇಲ್ಲವೇ ತೆಂಗಿನಕಾಯಿಯ ಊರು. ಊರಿನ ಹೆಸರಿನಲ್ಲೇ ಇರುವ ಅರಸಿಯನ್ನೂ ಕೆರೆಯನ್ನೂ ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಇದು ಮಳೆ ಕಡಿಮೆಯ ಬಯಲುಸೀಮೆ. ಇಲ್ಲಿ ಊರು ಕಟ್ಟಬೇಕಾದರೆ ಮೊದಲು ಕೆರೆ ಕಟ್ಟಬೇಕು. ಹೊಯ್ಸಳರು ಮೂಲತಃ ಮಲೆನಾಡಿನವರು. ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿ ಗ್ರಾಮವೇ ಅವರ ಸೊಸೆವೂರು. ಮಲೆಯ ಪಾಳೆಯಗಾರರನ್ನು ಗೆದ್ದವರು ಎಂಬುದು ಅವರ ಹೆಮ್ಮೆಯ ಬಿರುದು. ಅವರು ಕಾಡಿನಿಂದ ಬೇಲೂರಿಗೆ ಇಳಿದರು, ಬೇಲೂರಿನಿಂದ ದೋರಸಮುದ್ರಕ್ಕೆ ಬಂದರು. ಒಂದೊಂದು ಹೆಜ್ಜೆಯೂ ಮಲೆನಾಡಿನಿಂದ ಬಯಲಿನ ಕಡೆಗೆ, ಕಾಡಿನಿಂದ ಉಳುವ ಭೂಮಿಯ ಕಡೆಗೆ. ಅರಸೀಕೆರೆಯಿಂದ ಬೇಲೂರಿಗೆ ಬಸ್ಸಿನಲ್ಲಿ ಹೋಗುವವರು ಈ ಚರಿತ್ರೆಯನ್ನು ಹಿಂದುಮುಂದಾಗಿ ಕಿಟಕಿಯಲ್ಲೇ ನೋಡಬಹುದು. ರಾಗಿ ಹೊಲ, ತೆಂಗಿನ ತೋಟ ಹಿಂದೆ ಸರಿಯುತ್ತವೆ, ನೆಲ ಹಸಿರಾಗುತ್ತದೆ, ದೂರದಲ್ಲಿ ಬೆಟ್ಟಗಳು ಕಾಣತೊಡಗುತ್ತವೆ.

ಹೊರಡುವ ಮುನ್ನ ಊರೊಳಗಿನ ಈಶ್ವರ ದೇವಾಲಯಕ್ಕೆ ಹೋಗಲೇಬೇಕು. ಕ್ರಿ.ಶ. 1220ರ ಆಸುಪಾಸಿನ ಗುಡಿ ಇದು. ಮುಂದಿನ ತೆರೆದ ಮಂಟಪ 16 ಮೂಲೆಗಳ ನಕ್ಷತ್ರದಾಕಾರದಲ್ಲಿದ್ದು, ಒಳಗೆ ನಿಂತು ತಲೆಯೆತ್ತಿದರೆ ದುಂಡನೆಯ ಛಾವಣಿ ಕಾಣುತ್ತದೆ. ಇದಕ್ಕಿಂತ ಮುಖ್ಯ, ಗರ್ಭಗುಡಿಯ ಮೇಲೆ ಕಲ್ಲಿನ ಶಿಖರ ಇನ್ನೂ ನಿಂತಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ, ಬೇಲೂರು-ಹಳೇಬೀಡುಗಳ ದೊಡ್ಡ ಗುಡಿಗಳ ತಲೆಯ ಮೇಲೆ ಏನು ಇಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಇದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವೂ ಇದೆ. ಅದನ್ನು ಕಟ್ಟಿಸಿದವನು ರೇಚರಸ. ಮೊದಲು ಕಲಚುರಿ ಅರಸರಲ್ಲಿ ಮಂತ್ರಿಯಾಗಿದ್ದು, ಆಮೇಲೆ ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು. ಇನ್ನೊಂದು ಸಂಗತಿ ಇನ್ನೂ ಕುತೂಹಲದ್ದು. 12ನೇ ಶತಮಾನದ ಕೊನೆಯ ಅರಸೀಕೆರೆ ಶಾಸನವೊಂದು ಮಲೆಯಾಳದಿಂದ ಬಂದ ವರ್ತಕ ಮನೆತನವನ್ನು ಹೆಸರಿಸುತ್ತದೆ. ಹಡಗಿನಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುವುದು ಆ ಮನೆತನದ ವ್ಯಾಪಾರ. ಕಡಲಿನಿಂದ ಇಷ್ಟು ದೂರದ ಬಯಲುಸೀಮೆಯಲ್ಲಿ ಕಡಲ ವ್ಯಾಪಾರಿಗೆ ಏನು ಕೆಲಸ? ಅವನ ಗಿರಾಕಿ ಹತ್ತಿರದಲ್ಲಿದ್ದ. ದೋರಸಮುದ್ರ ಇಲ್ಲಿಂದ ಸುಮಾರು 40 ಕಿ.ಮೀ. ಈ ಕುದುರೆಗಳ ಮಾತು ಮುಂದೆ ಮತ್ತೆ ಬರುತ್ತದೆ.

ಮೊದಲು ಬೇಲೂರು

ಬಾಣಾವರ, ಜಾವಗಲ್ ದಾಟಿದರೆ ಹಳೇಬೀಡು. ಜಾವಗಲ್ ಎಂದೊಡನೆ ಕ್ರಿಕೆಟಿಗ ಶ್ರೀನಾಥ್ ನೆನಪಾಗುವುದು ಸಹಜ. ಅಲ್ಲಿಯೂ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬಸ್ಸು ಹಳೇಬೀಡಿನಲ್ಲಿ ನಿಂತರೂ ಇಳಿಯದೆ, ಇನ್ನೂ 16 ಕಿ.ಮೀ. ಮುಂದಿನ ಬೇಲೂರಿಗೆ ಹೋಗಿ, ಮಧ್ಯಾಹ್ನ ಹಿಂದಿರುಗುವುದು ಒಳ್ಳೆಯದು. ಇದಕ್ಕೆ ಎರಡು ಕಾರಣ. ಚರಿತ್ರೆಯಲ್ಲಿ ಬೇಲೂರು ಮೊದಲಿನದು. ಎರಡನೆಯದು ಬಿಸಿಲಿನ ಲೆಕ್ಕ: ಹಳೇಬೀಡಿನ ಗುಡಿಯ ಅತ್ಯುತ್ತಮ ಶಿಲ್ಪಗಳು ಹಿಂಬದಿಯ ಪಶ್ಚಿಮ ಗೋಡೆಯಲ್ಲಿವೆ. ಅವುಗಳ ಮೇಲೆ ಬೆಳಕು ಬೀಳುವುದು ಮಧ್ಯಾಹ್ನದ ನಂತರ.

ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮರುವರ್ಷ. ದೇವರಿಗಿದ್ದ ಹೆಸರು ವಿಜಯನಾರಾಯಣ. ಅಲ್ಲಿಯವರೆಗೆ ಚಾಲುಕ್ಯರ ಸಾಮಂತರಾಗಿದ್ದ ಮನೆತನವೊಂದು ಸ್ವತಂತ್ರವಾಗುವ ಆಸೆಯನ್ನು ಕಲ್ಲಿನಲ್ಲಿ ಹೇಳಿದ ರೀತಿ ಇದು. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ.

ಕಪ್ಪೆ ಚೆನ್ನಿಗನ ಹೆಸರು ಬಂದಾಗ ಜಕಣಾಚಾರಿಯ ಕಥೆಯೂ ಬರುತ್ತದೆ. ತಂದೆ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಮಗ ಡಂಕಣ ತೋರಿಸಿದ, ಒಳಗಿನಿಂದ ಕಪ್ಪೆ ಹೊರಬಂತು ಎಂಬ ಕಥೆ ಪ್ರತಿ ಮನೆಯಲ್ಲೂ ಗೊತ್ತು. ಕಥೆ ಸುಂದರವಾಗಿದೆ. ಆದರೆ ಬೇಲೂರಿನ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕೆತ್ತಿಟ್ಟಿದ್ದಾರೆ, ಅವರಲ್ಲಿ ಜಕಣಾಚಾರಿ ಇಲ್ಲ. ಇರುವವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ ಮುಂತಾದವರು. ಮದನಿಕೆಯರ ಪಾದಪೀಠಗಳಲ್ಲಿ ಊರು, ತಂದೆಯ ಹೆಸರು, ಬಿರುದುಗಳನ್ನು ಸೇರಿಸಿ ಬರೆದ ಸಾಲುಗಳಿವೆ. ಅಪ್ಪ-ಮಗನ ಕಥೆ ಬೇಕೆಂದರೆ ಇಲ್ಲಿ ನಿಜವಾದ ಅಪ್ಪ-ಮಗನೇ ಇದ್ದಾರೆ.

ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯಲ್ಲಿದೆ. ಅಲ್ಲಿಂದ ಇಲ್ಲಿಗೆ ಶಿಲ್ಪಿಗಳು ಬಂದರು ಎಂದರೆ, ಹೊಸ ರಾಜ್ಯವೊಂದು ಕೆಲಸಗಾರರನ್ನು ದೂರದಿಂದ ಕರೆಸಿ, ಊಟ-ವಸತಿ-ಸಂಭಾವನೆ ಕೊಟ್ಟು ಇರಿಸಿಕೊಳ್ಳುವ ಶಕ್ತಿ ಪಡೆದಿತ್ತು ಎಂದರ್ಥ. ಒಟ್ಟು 42 ಮದನಿಕೆಯರಲ್ಲಿ 38 ಹೊರಗೆ, ನಾಲ್ಕು ಒಳಗೆ. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು, ಬೇಟೆಗೆ ಹೊರಟವಳು ಎಲ್ಲರೂ ಇಲ್ಲಿದ್ದಾರೆ. ಡಿ.ವಿ.ಜಿ.ಯವರ 'ಅಂತಃಪುರ ಗೀತೆ' ಹುಟ್ಟಿದ್ದು ಈ ಮದನಿಕೆಯರನ್ನು ಕಂಡೇ. ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಉಳಿಗೆ ಮೃದುವಾಗಿ ಒಗ್ಗುವ ಈ ಕಲ್ಲು ಗಾಳಿಗೆ ಆರುತ್ತ ಗಟ್ಟಿಯಾಗುತ್ತದೆ.

ಅರಸೀಕೆರೆಯ ಶಿಖರವನ್ನು ಇಲ್ಲಿ ನೆನೆಯಬೇಕು. ಬೇಲೂರಿನ ಗುಡಿಗೂ ಮೇಲೆ ಗೋಪುರವಿತ್ತು. ಅದರ ಭಾರದಿಂದ ಕೆಳಗಿನ ಗೋಡೆಗೆ ಅಪಾಯವಾದೀತೆಂದು 1879ರಲ್ಲಿ ಅದನ್ನು ಇಳಿಸಲಾಯಿತು. ಮುಂದಿನ ಮಹಾದ್ವಾರವೂ ಹೊಯ್ಸಳರ ಕಾಲದ್ದಲ್ಲ. ದಾಳಿಯಲ್ಲಿ ಸುಟ್ಟುಹೋಗಿದ್ದ ಬಾಗಿಲನ್ನು 1397ರಲ್ಲಿ ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಹೊಯ್ಸಳರು ಹೋದ ಮೇಲೂ ಬೇಲೂರು ಉಳಿಯಿತು. ಪೂಜೆ ನಿಲ್ಲಲಿಲ್ಲ, ಮುಂದಿನ ಅರಸರು ರಿಪೇರಿ ಮಾಡಿಸಿದರು, ಚೈತ್ರದ ತೇರು ಇಂದಿಗೂ ಎಳೆಯುತ್ತದೆ. ಇದನ್ನು ನೆನಪಿಟ್ಟುಕೊಂಡು ಹಳೇಬೀಡಿಗೆ ಹಿಂದಿರುಗಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಗೋಡೆಯೇ ಊರಿನ ಪಟ

ಹೊಯ್ಸಳೇಶ್ವರ ದೇವಾಲಯದ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ, ಅದರ ಹಿಂದೆ ನಿಂತವನು ಒಬ್ಬ ಅಧಿಕಾರಿ. 1121ರ ಶಾಸನ ಅವನನ್ನು ಕೇತಮಲ್ಲ ಎಂದು ಹೆಸರಿಸುತ್ತದೆ. ವಿಷ್ಣುವರ್ಧನನ ಕೈಕೆಳಗಿನ ಈತ ಅರಸನ ಹೆಸರಿನಲ್ಲಿ ಈ ಗುಡಿಯ ಕೆಲಸ ನಡೆಸಿದ. ಎರಡು ಗರ್ಭಗುಡಿ: ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಎದುರಿಗೆ ಎರಡು ನಂದಿ. ಒಬ್ಬ ಅಧಿಕಾರಿ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಿದ ಎಂದರೆ, ಈ ಊರಿನಲ್ಲಿ ಹಣ, ಅಧಿಕಾರ, ಹೆಸರಿನ ಹಂಬಲ ಅರಮನೆಯ ಹೊರಗೂ ಇತ್ತು ಎಂದಾಯಿತು.

ಗೋಡೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಪಟ್ಟಿಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ರಾಮಾಯಣ-ಭಾರತ-ಭಾಗವತದ ಕಥೆಗಳು, ಅದಕ್ಕೂ ಮೇಲೆ ಮಕರ, ಹಂಸ. ಕಟ್ಟಡ ಚರಿತ್ರೆಯ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲಿ ಈ ಗುಡಿಯನ್ನು ಅಥೆನ್ಸಿನ ಪಾರ್ಥೆನಾನ್ ಜೊತೆಗಿಟ್ಟು ಹೋಲಿಸಿದ. ಎರಡೂ ತಮ್ಮ ತಮ್ಮ ದಾರಿಯ ತುತ್ತತುದಿ ಎನ್ನುವುದು ಅವನ ಅಭಿಪ್ರಾಯ.

ಪ್ರವಾಸಿ ಇಲ್ಲಿ ಸ್ವಲ್ಪ ನಿಧಾನಿಸಿ ಕುದುರೆಗಳ ಸಾಲನ್ನು ನೋಡಬೇಕು. ಅರಸೀಕೆರೆಯ ವರ್ತಕ ಹಡಗಿನಲ್ಲಿ ತರಿಸಿ ಮಾರುತ್ತಿದ್ದದ್ದು ಇಂಥವನ್ನೇ. ದಖ್ಖನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುತ್ತಿರಲಿಲ್ಲ; ಅರಬ್ ಕಡಲಿನಾಚೆಯಿಂದಲೇ ಬರಬೇಕಿತ್ತು. ಗೋಡೆಯಲ್ಲಿರುವ ರಥ, ಆಯುಧ, ಒಡವೆ, ಕೇಶಾಲಂಕಾರ, ವಾದ್ಯಗಳೂ ಹೀಗೆಯೇ. ಕಥೆ ಪುರಾಣದ್ದಾದರೂ ಶಿಲ್ಪಿ ಕಣ್ಣೆದುರು ಕಂಡ ವಸ್ತುಗಳನ್ನೇ ಕೆತ್ತಿದ್ದಾನೆ. ಹೀಗಾಗಿ ದೋರಸಮುದ್ರದ ಬೀದಿ ಹೋಗಿದ್ದರೂ ಬೀದಿಯ ಜನ ಈ ಗೋಡೆಯಲ್ಲಿ ಉಳಿದಿದ್ದಾರೆ.

ಗುಡಿಯ ಆವರಣದಲ್ಲೇ ದಕ್ಷಿಣಕ್ಕೆ ಒಂದು ಕಂಬವಿದೆ. ಹೆಚ್ಚಿನವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ಅದು ಗರುಡಸ್ತಂಭ. ಇಮ್ಮಡಿ ಬಲ್ಲಾಳ 1220ರ ಸುಮಾರಿಗೆ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಯೋಧರು ಒಡೆಯನ ಜೊತೆ ಪ್ರಾಣ ಬಿಟ್ಟರೆಂದು ಆ ಕಂಬ ಹೇಳುತ್ತದೆ. ಅರಸನಿಗಾಗಿ ಜೀವ ಕೊಡುವೆನೆಂದು ಮಾತು ಕೊಟ್ಟ ಇಂಥವರಿಗೆ ಗರುಡರೆಂದು ಹೆಸರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಚಿತ್ರಗಳನ್ನೂ ಕಂಬದ ಮೇಲೆ ಕೆತ್ತಿದ್ದಾರೆ. ಮದನಿಕೆಯರ ನಗುವನ್ನು ಕಟ್ಟಿದ ರಾಜ್ಯವೇ ಇಂಥ ಮಾತನ್ನೂ ಮನುಷ್ಯರಿಂದ ಪಡೆಯುತ್ತಿತ್ತು ಎಂಬುದನ್ನು ಮರೆಯದಿರುವುದು ಒಳ್ಳೆಯದು.

ಗುಡಿಯಿಂದ ಹೊರಗೆ

ಇಲ್ಲಿಂದ ಮುಂದೆ ಪ್ರವಾಸಿ ಬಸ್ ನಿಲ್ದಾಣದ ಕಡೆ ತಿರುಗದೆ ನಡೆಯಬೇಕು. ಅರ್ಧ ಕಿ.ಮೀ. ಆಸುಪಾಸಿನಲ್ಲಿ ಮೂರು ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ, ತನ್ನ ತಂದೆ ದಂಡನಾಯಕ ಗಂಗರಾಜನ ನೆನಪಿಗೆ. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದು ಕೊಟ್ಟರು. ಆಗತಾನೇ ಯುದ್ಧ ಗೆದ್ದಿದ್ದ, ಮಗ ಹುಟ್ಟಿದ ಸುದ್ದಿಯೂ ಬಂದಿತ್ತು. ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ವೈಷ್ಣವನಾದ ಮೇಲೆ ಅರಸ ಬಸದಿಗಳನ್ನು ಕೆಡವಿಸಿದ ಎಂಬ ಕಥೆ ಹೇಳುವವರು ಈ ಶಾಸನವನ್ನು ಒಮ್ಮೆ ಓದಬೇಕು. ಮುಂದೆ ಕವಿಚಕ್ರವರ್ತಿ ಜನ್ನ ಇದೇ ಬಸದಿಗೆ ದ್ವಾರ ಕಟ್ಟಿಸಿದ. ಬಸದಿಯ ಒಳಗಿನ ಕಂಬಗಳು ಕಡೆದು ನಯ ಮಾಡಿದವು. ಎದುರು ನಿಂತವರ ನೆರಳು ಅವುಗಳಲ್ಲಿ ಹೊಳೆಯುತ್ತದೆ.

ಇನ್ನೂ ಸ್ವಲ್ಪ ದೂರದಲ್ಲಿ ಕೇದಾರೇಶ್ವರ. ಇಮ್ಮಡಿ ಬಲ್ಲಾಳ ಮತ್ತು ಕಿರಿಯ ರಾಣಿ ಅಭಿನವ ಕೇತಲದೇವಿ 1219ರ ಹೊತ್ತಿಗೆ ಕಟ್ಟಿಸಿದ್ದು. 19ನೇ ಶತಮಾನದಲ್ಲಿ ಇದರ ಶಿಖರದಲ್ಲಿ ಮರವೊಂದು ಬೇರೂರಿ ಕಲ್ಲುಗಳನ್ನು ಸೀಳಿತು. ಶತ್ರುವಿಲ್ಲದೆಯೂ ಗುಡಿ ಬೀಳುತ್ತದೆ, ನೋಡಿಕೊಳ್ಳುವವರು ಇಲ್ಲದಿದ್ದರೆ ಸಾಕು.

ನಗರೇಶ್ವರ ಎಂಬ ಜಾಗದಲ್ಲಿ ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಹಲವು ಗುಡಿಗಳ ತಳಪಾಯ ಸಿಕ್ಕಿವೆ. ಶಾಸನಗಳ ಭಾಷೆಯಲ್ಲಿ 'ನಗರ' ಎಂದರೆ ವರ್ತಕರ ಕೂಟ. ಹೆಸರೇ ಪೇಟೆಯನ್ನು ನೆನಪಿಸುತ್ತದೆ. ಇನ್ನೊಂದೆಡೆ ಬೆಣ್ಣೆಗುಡ್ಡ, ಅದರ ಬಳಿ ಅರಮನೆ ಇತ್ತೆನ್ನುವ ಜಾಗ. ಹೊಲಗಳ ನಡುವೆ ಕೋಟೆ ಗೋಡೆಯ ದಪ್ಪ ಕಲ್ಲುಗಳು. ಸಮೀಪದ ಹುಲಿಕೆರೆಯಲ್ಲಿ ಸುತ್ತಲೂ ಪುಟ್ಟ ಗುಡಿಗಳಿರುವ ಮೆಟ್ಟಿಲ ಕಲ್ಯಾಣಿ. ಮಹಾಕವಿ ಹರಿಹರ ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದು, ಬೇಸತ್ತು ಹಂಪಿಗೆ ಹೋದನೆಂಬ ಪ್ರತೀತಿಯಿದೆ. ಆ ಲೆಕ್ಕದ ಕಚೇರಿಯೂ ಈ ಹೊಲಗಳ ಕೆಳಗೇ ಎಲ್ಲೋ ಇದ್ದಿರಬೇಕು.

ಹಾಗಾದರೆ ಅರಮನೆ, ಕಚೇರಿ, ಮನೆಗಳು ಯಾಕೆ ಉಳಿಯಲಿಲ್ಲ? ಕಲ್ಲು ದೇವರಿಗೆ, ಮಣ್ಣು-ಮರ ಮನುಷ್ಯರಿಗೆ ಎಂಬುದು ಅಂದಿನ ಪದ್ಧತಿ. ಅರಸನ ಮನೆಯೂ ಬಹುಪಾಲು ಮರದ್ದೇ. ಬೆಂಕಿಗೆ ಮರ ಹೋಯಿತು, ಮಳೆಗೆ ಮಣ್ಣು ಕರಗಿತು. ಉಳಿದ ಕಲ್ಲನ್ನು ನಂತರದವರು ತಮ್ಮ ಮನೆ, ಬಾವಿಗಳಿಗೆ ಬಳಸಿಕೊಂಡರು.

ಬೀಡು ಹಳೆಯದಾದ ಬಗೆ

1311ರಲ್ಲಿ ದೆಹಲಿಯ ಅಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬಂದ. ಪಾಂಡ್ಯ ಸೋದರರ ಜಗಳದಲ್ಲಿ ಲಾಭ ಮಾಡಿಕೊಳ್ಳಲು ಮುಮ್ಮಡಿ ಬಲ್ಲಾಳ ಆಗ ತಮಿಳುನಾಡಿನ ಕಡೆ ಹೋಗಿದ್ದ. ಅವಸರದಿಂದ ಹಿಂದಿರುಗಿದರೂ ಎದುರಿಸಿ ನಿಲ್ಲಲಾಗಲಿಲ್ಲ. ಸಂಪತ್ತು, ಆನೆ, ಕುದುರೆಗಳನ್ನು ಒಪ್ಪಿಸಿ ಶರಣಾದ. ಮಗನನ್ನು ದೆಹಲಿಗೆ ಕಳುಹಿಸಬೇಕಾಯಿತು. ಆ ಮಗ ಹಿಂದಿರುಗಿದ್ದು 1313ರಲ್ಲಿ. ಊರು ಚೇತರಿಸಿಕೊಳ್ಳುವಷ್ಟರಲ್ಲಿ, 1327ರ ಸುಮಾರಿಗೆ, ಮಹಮದ್ ಬಿನ್ ತುಘಲಕನ ಸೈನ್ಯ ಬಂತು. ಈ ಬಾರಿಯ ಪೆಟ್ಟು ಮಾರಕವಾಯಿತು. ಬಲ್ಲಾಳ ತಿರುವಣ್ಣಾಮಲೆಗೆ ನೆಲೆ ಬದಲಿಸಿದ. ಎಂಬತ್ತರ ಇಳಿವಯಸ್ಸಿನಲ್ಲೂ ಮಧುರೆಯ ಸುಲ್ತಾನನೊಡನೆ ಹೋರಾಡಿ, 1342ರ ಸುಮಾರಿಗೆ ಸೆರೆ ಸಿಕ್ಕಿ ಕೊಲೆಯಾದ. ಅವನ ಶವಕ್ಕೆ ಮಾಡಿದ ಅವಮಾನವನ್ನು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ.

ಅರಸನಿಲ್ಲದ ಮೇಲೆ ವರ್ತಕ ಯಾರಿಗೆ ಕುದುರೆ ಮಾರಬೇಕು? ಶಿಲ್ಪಿಗೆ ಕೂಲಿ ಯಾರು ಕೊಡಬೇಕು? ಬೇಲೂರಿನ ಚೆನ್ನಕೇಶವನಿಗೆ ಭಕ್ತರಿದ್ದರು, ವಿಜಯನಗರದವರು ಬಾಗಿಲು ಕಟ್ಟಿಸಿದರು. ದೋರಸಮುದ್ರ ಬದುಕಿದ್ದು ಅರಮನೆಯನ್ನು ನಂಬಿ, ಅರಮನೆಯೊಂದಿಗೇ ಮುಗಿಯಿತು. ಶಾಸನಗಳಲ್ಲಿ ಅರಸ ಇರುವ ಸ್ಥಳವನ್ನು 'ನೆಲೆವೀಡು' ಎನ್ನುತ್ತಾರೆ. ನೆಲೆ ತಪ್ಪಿತು, ಬೀಡು ಹಳೆಯದಾಯಿತು. ಜನರ ಬಾಯಲ್ಲಿ ಅದೇ ಊರಿನ ಹೆಸರಾಗಿ ನಿಂತಿತು.

ಏರಿಯ ಮೇಲೆ ಸಂಜೆ

ದಿನದ ಕೊನೆಗೆ ಪ್ರವಾಸಿ ಹೋಗಬೇಕಾದ ಜಾಗ ಕೆರೆ ಏರಿ. ಊರಿಗೆ ಹೆಸರು ಕೊಟ್ಟ 'ಸಮುದ್ರ' ಇದೇ. ಹೊಯ್ಸಳರು ಇಲ್ಲಿಗೆ ಬರುವ ಮೊದಲೇ ಕೆರೆ ಇತ್ತು. ಕೆರೆ ಇದ್ದದ್ದರಿಂದಲೇ ರಾಜಧಾನಿ ಬಂತು. ಬೆಳಿಗ್ಗೆ ಅರಸೀಕೆರೆಯಲ್ಲಿ ಕಂಡ ಸತ್ಯವೇ ಇಲ್ಲಿಯೂ. ಯಗಚಿಯ ನೀರನ್ನು ಹೊಯ್ಸಳರ ಕಾಲದಲ್ಲೇ ಕಾಲುವೆಯಲ್ಲಿ ಇತ್ತ ತಂದಿದ್ದರೆಂದು ಈ ಸೀಮೆಯ ಜನ ನಂಬುತ್ತಾರೆ. ರಣಘಟ್ಟದಿಂದ ಅದೇ ನೀರನ್ನು ಹಳೇಬೀಡಿನ ಕೆರೆಗೆ ಹರಿಸಬೇಕೆಂದು ರೈತರು 2019ರಲ್ಲಿ ಹೋರಾಟಕ್ಕೆ ಇಳಿದರು. ಆಮೇಲೆ ಸರ್ಕಾರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಡಿಗೆ ಬರುವ ಪ್ರವಾಸಿಗಳಿಗೆ ಕೆರೆ ಒಂದು ಚಂದದ ನೋಟ. ಊರಿನವರಿಗೆ ಅದು ಬೋರ್‌ವೆಲ್ಲಿನ ನೀರು, ಹೊಲದ ಬೆಳೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹೆಮ್ಮೆಯ ವಿಷಯವೇ. ಆದರೆ ಪಟ್ಟಿಗೆ ಸೇರಿದ್ದು ದೇವಾಲಯಗಳು. ಕೋಟೆಯ ಕಲ್ಲು, ಬೆಣ್ಣೆಗುಡ್ಡದ ತಪ್ಪಲು, ನಗರೇಶ್ವರದ ತಳಪಾಯಗಳನ್ನು ನೋಡಲು ಬರುವವರು ಇಂದಿಗೂ ವಿರಳ. ಯಾರೂ ನೋಡದ ಜಾಗ ಕಾಯುವವರಿಗೂ ಭಾರ, ಒತ್ತುವರಿಗೂ ಸುಲಭ. ಕೇದಾರೇಶ್ವರದ ಶಿಖರ ಸೀಳಿದ್ದು ಒಂದು ಸಣ್ಣ ಸಸಿಯಿಂದ ಎಂಬುದನ್ನು ಮರೆಯಬಾರದು.

ಆದ್ದರಿಂದ ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗುವವರು ಹೊಯ್ಸಳೇಶ್ವರನ ಪ್ರದಕ್ಷಿಣೆ ಮುಗಿಸಿ ಇನ್ನೆರಡು ಗಂಟೆ ಉಳಿಸಿಕೊಳ್ಳಲಿ. ಬಸದಿಯವರೆಗೆ ನಡೆಯಲಿ, ಕೋಟೆಯ ಕಲ್ಲನ್ನು ಮಕ್ಕಳ ಕೈಯಿಂದ ಮುಟ್ಟಿಸಲಿ, ಏರಿಯ ಮೇಲೆ ಕೂತು ಈ ನೀರು ಎಲ್ಲಿಂದ ಬಂತು ಎಂದು ಕೇಳಲಿ. ಅರಸೀಕೆರೆಗೆ ಮರಳಿ ರಾತ್ರಿಯ ರೈಲು ಹಿಡಿಯಲು ಅಷ್ಟಾದರೂ ಸಮಯ ಮಿಗುತ್ತದೆ.